ಗೊಂಬೆಯ ಕಣ್ಣಿಗೆ ಗುಂಡಿ ಬೇಡ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ ಬಟ್ಟೆಗೊಂಬೆ ಹೊಲಿಯುವ ಲೇಖನ ಚೆನ್ನಾಗಿತ್ತು. ಆದರೆ ಕಣ್ಣಿಗೆ ಗುಂಡಿ ಹೊಲಿಯಿರಿ ಎಂದದ್ದಕ್ಕೆ ನನ್ನ ತಕರಾರಿದೆ. ಮೂರು ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾರೆ. ಬಿಗಿಯಾಗಿ ಹೊಲಿದ ಗುಂಡಿಯೂ ಎಳೆದೆಳೆದು ಸಡಿಲಾಗುತ್ತದೆ. ಗಂಟಲಲ್ಲಿ ಸಿಕ್ಕಿದರೆ ಜೀವಕ್ಕೇ ಕುತ್ತು. ಬಟ್ಟೆಯ ಹಿಂಬದಿಯಲ್ಲಿ ವಾಷರ್ (ಬಿಗಿ ಹಿಡಿಯುವ ಬಿಲ್ಲೆ) ಕೂರಿಸುವ ‘ಸೇಫ್ಟಿ ಕಣ್ಣು’ ಕೂಡ ಬಟ್ಟೆ ಹರಿದರೆ ವಾಷರ್ ಸಮೇತ ಕಿತ್ತು ಬರುತ್ತದೆ. ನಾನು ದಾರದಲ್ಲೇ ಕಸೂತಿ ಹಾಕುತ್ತೇನೆ. ಕಣ್ಣುಗಳನ್ನು ತುಸು ಕೆಳಗೆ, ದೂರ ದೂರ ಇಟ್ಟರೆ ಕರಡಿ ಮರಿಯಾಗುತ್ತದೆ. ಮೇಲೆ, ಹತ್ತಿರ ತಂದರೆ ಅದೇ ಕರಡಿ ಸಿಡುಕಿನ ಮಾವ!

ತುಪ್ಪಳದ ಬಟ್ಟೆ ಕತ್ತರಿಸುವ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ. ರೋಮ ಮಲಗುವ ದಿಕ್ಕನ್ನು ಮೊದಲೇ ಗುರುತಿಸಿ, ಹಿಂಬದಿಯಿಂದ ಕತ್ತರಿಯ ತುದಿಯಲ್ಲಿ ತಳದ ನೇಯ್ಗೆಯನ್ನಷ್ಟೇ ಕತ್ತರಿಸಬೇಕು. ಇಲ್ಲವಾದರೆ ಹೊಲಿಗೆಯುದ್ದಕ್ಕೂ ರೋಮ ಬೋಳು. ತಲೆಗೆ ಎರಡು ಪಕ್ಕಗಳು ಸಾಲವು; ಮೂಗಿನಿಂದ ನೆತ್ತಿಯ ಮೇಲೆ ಹಾದು ಕತ್ತಿನ ಹಿಂಭಾಗದವರೆಗೆ ನಡುವೆ ಒಂದು ಪಟ್ಟಿ ಸೇರಿಸಿದರೇ ಮುಖ ಗುಂಡಗಾಗುವುದು.

ಅಂದಹಾಗೆ, ಜರ್ಮನಿಯ ಗೊಂಬೆ ತಯಾರಕಿ ಮಾರ್ಗರೇಟ್ ಸ್ಟೈಫ್ 1880ರಲ್ಲಿ ಹೊಲಿದ ಫೆಲ್ಟ್ (ಉಣ್ಣೆಯನ್ನು ಒತ್ತಿ ಮಾಡಿದ ಬಟ್ಟೆ) ಆನೆ ಸೂಜಿ ಚುಚ್ಚಿಡುವ ದಿಂಬಾಗಿತ್ತು. ಅದನ್ನು ಆಟಿಕೆ ಮಾಡಿಕೊಂಡವರು ಮಕ್ಕಳೇ. ಹೊಲಿಯುವವರ ಉದ್ದೇಶ ಏನೇ ಇರಲಿ, ಗೊಂಬೆ ಕೊನೆಗೆ ಸೇರುವುದು ಮಕ್ಕಳ ಕೈಗೇ. ಆದ್ದರಿಂದ ಮುಂದಿನ ಕಂತಿನಲ್ಲಿ ಕಣ್ಣಿನ ವಿಷಯವನ್ನು ದಯವಿಟ್ಟು ತಿದ್ದಿ ಪ್ರಕಟಿಸಿ.

ಇಂತಿ,
ಗೊಂಬೆ ಹೊಲಿಯುವ ಒಬ್ಬ ಓದುಗಿ