ಭಾನುವಾರ ಪಾಂಡವಪುರ ಸುತ್ತೋಣ ಬನ್ನಿ

ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಏನೇನಿದೆ ಅಂತ ನೋಡಿ ಬರೆದಿಡುವ ಕೆಲಸ ಈ ಭಾನುವಾರ ಶುರು ಮಾಡೋಣ. ಬೆಳಿಗ್ಗೆ 6.30ಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಸೇರೋಣ. ನೋಟ್‌ಬುಕ್, ಪೆನ್ನು ಸಾಕು.

ಮೊದಲು ನೀರು. ಕೆಆರ್‌ಎಸ್‌ನಿಂದ ಬರುವ ವಿಶ್ವೇಶ್ವರಯ್ಯ ನಾಲೆ ನಂಬಿಕೊಂಡು ಹಳೇ ಬಾವಿಗಳನ್ನು ಮರೆತೇ ಬಿಟ್ಟಿದ್ದೇವೆ. ನಿನ್ನೆ ನಮ್ಮ ಬೀದಿ ಬಾವಿ ಬಗ್ಗಿ ನೋಡಿದೆ. ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೆರಳು ಹಿಡಿಸುವಷ್ಟು ಆಳದ ಗೆರೆ ಬಿದ್ದಿದೆ. ಪ್ಲಾಸ್ಟಿಕ್ ಕವರ್ ತೇಲುತ್ತಿದೆ, ಕೆಳಗೆ ನೀರು ಇನ್ನೂ ಇದೆ. ಹೊಟ್ಟೆ ಉರಿಯಿತು. ಇಂಥ ಬಾವಿ ಎಷ್ಟಿವೆ, ನಾಲೆ ನಿಂತಾಗ ಯಾವುದರಲ್ಲಿ ನೀರು ಉಳಿಯುತ್ತದೆ ಅಂತ ಪಕ್ಕದ ಮನೆಯವರನ್ನೇ ಕೇಳಿ.

ಅಂಗಡಿ, ಬ್ಯಾಂಕ್ ಪಟ್ಟಿ ಆಮೇಲೆ ಮಾಡಬಹುದು. ಜನ ಎಲ್ಲಿ ಸೇರುತ್ತಾರೆ, ಅದು ನೋಡಿ. ಹಾಲಿನ ಡೇರಿ ಮುಂದೆ ಕ್ಯಾನ್ ಹಿಡಿದು ನಿಲ್ಲುವ ಹೆಂಗಸರಿಗೆ ಊರಿನ ಕಷ್ಟಸುಖ ಜಾಸ್ತಿ ಗೊತ್ತು, ಅಲ್ವಾ? ಅವರನ್ನು ಮಾತಾಡಿಸದೆ ಬರಬೇಡಿ. ಹಿರೋಡೆ, ಫ್ರೆಂಚ್ ರಾಕ್ಸ್ ಅನ್ನುವ ನಮ್ಮೂರಿನ ಹಳೇ ಹೆಸರುಗಳನ್ನು ನೆನಪಿಟ್ಟುಕೊಂಡಿರುವ ಅಜ್ಜ ಅಜ್ಜಿಯರ ಮಾತನ್ನೂ ಬರೆದುಕೊಳ್ಳಿ.

ಫೋಟೋ ತೆಗೆಯುವ ಮೊದಲು ಕೇಳಿ. ಯಾರ ಫೋನ್ ನಂಬರನ್ನೂ ಗುಂಪಿಗೆ ಹಾಕಬೇಡಿ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ಹೆಸರು ತಿಳಿಸಿ.