4ಎಚ್ ಹಾಕೋಕೆ ಮುಂಚೆ ಇದನ್ನೊಂದು ಓದು

ಪ್ರೀತಿಯ ಗೆಳೆಯ,

ಪಿಕಪ್ ಫೋಟೋ ನೋಡಿದೆ. ಅಡಿಕೆ ಗೊನೆ, ಗೊಬ್ಬರ ಹೇರೋಕೆ ಹೇಳಿ ಮಾಡಿಸಿದ ಗಾಡಿ. ಆದರೆ ಮಳೆಗಾಲ ಪೂರ್ತಿ ಆಗುಂಬೆ ಘಾಟಿಯಲ್ಲಿ, ನಾಲ್ಕೂ ಗಾಲಿಗೆ ಎಂಜಿನ್ ಬಲ ಕೊಡೋ 4ಎಚ್‌ನಲ್ಲೇ ಓಡಿಸ್ತೀನಿ ಅಂತ ಬರೆದಿದ್ದೀಯಲ್ಲ, ಅದೊಂದು ಬೇಡ ಮಾರಾಯ.

ನಿನ್ನದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. ಹಿಂದಿನ, ಮುಂದಿನ ಆಕ್ಸಲ್‌ಗಳ ನಡುವೆ, ಅವು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ಇಲ್ಲ. 4ಎಚ್ ಹಾಕಿದ ಕೂಡಲೇ, ಬಲ ಹಂಚೋ ಟ್ರಾನ್ಸ್‌ಫರ್ ಕೇಸ್ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿಬಿಡುತ್ತೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕಲ್ಲ? ಕೆಸರಲ್ಲಾದರೆ ಯಾವುದೋ ಗಾಲಿ ಒಂಚೂರು ಜಾರಿ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತೆ. ಡಾಂಬರು ಜಾರೋಕೆ ಬಿಡಲ್ಲ. ಆ ಬಿಗಿಯೆಲ್ಲ ಶಾಫ್ಟು, ಗೇರುಗಳ ಮೇಲೆ. ಹೇರ್‌ಪಿನ್ ತಿರುವಲ್ಲಿ ಸ್ಟೇರಿಂಗ್ ಬಿಗಿಯಾಗಿ, ಗಾಡಿ ಹ್ಯಾಂಡ್‌ಬ್ರೇಕ್ ಹಿಡಿದಂತೆ ಜಗ್ಗುತ್ತೆ. ಒದ್ದೆ ಡಾಂಬರಿಗೂ ನಿಧಾನದ ತಿರುವಲ್ಲಿ ಅಷ್ಟು ಹಿಡಿತ ಇದ್ದೇ ಇರುತ್ತೆ. ಇನ್ನು ಬ್ರೇಕು, ಅದು ಹಿಂದಿನ ಎರಡು ಗಾಲಿಗಷ್ಟೇ ಬಲ ಹೋಗೋ 2ಎಚ್‌ನಲ್ಲೂ ನಾಲ್ಕು ಗಾಲಿಗೇ ಹಿಡಿಯೋದು. ಘಾಟಿಗೆ ಚಿಕ್ಕ ಗೇರು, ಸವೆಯದ ಟೈರು ಸಾಕು. ಹಿಂದೆ ಖಾಲಿಯಿದ್ದರೆ ಮಾತ್ರ ಕಾಲು ಹಗುರವಾಗಿಡು. ಭಾರವಿಲ್ಲದ ಪಿಕಪ್ಪಿನ ಬಾಲ ಬೇಗ ಜಾರುತ್ತೆ.

4ಎಚ್ ಬೇಕಾಗೋದು ನಿಮ್ಮ ತೋಟದ ದಾರಿಗೆ. ಟಾರು ಮುಗಿದು ಕೆಂಪು ಮಣ್ಣು ಶುರುವಾಗುವಲ್ಲೇ, ಗಾಡಿ ನೇರ ಹೋಗುತ್ತಿರುವಾಗ ಹಾಕಿಬಿಡು. ಹೂತುಕೊಂಡು ಗಾಲಿ ಗಿರ್ರನೆ ತಿರುಗುವಾಗ ಯಾವತ್ತೂ ಹಾಕಬೇಡ, ಗೇರಿನ ಹಲ್ಲು ಹೋಗುತ್ತೆ. ಹಳ್ಳ ದಾಟಿದ ಮೇಲಿನ ಏರಿಗೆ 4ಎಲ್, ಅಂದರೆ ನಾಲ್ಕೂ ಗಾಲಿಗೆ ವೇಗ ಕಮ್ಮಿ, ಬಲ ಜಾಸ್ತಿ. ಅದಕ್ಕೆ ಬುಡದಲ್ಲೇ ಪೂರಾ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಕ್ಲಚ್ ಒತ್ತಿ ಹಾಕಬೇಕು. ಏರಿಗಿಂತ ನನಗೆ 4ಎಲ್ ಇಷ್ಟವಾಗೋದು ಇಳಿಜಾರಿಗೆ. ಒಂದನೇ ಗೇರಲ್ಲಿ ಬಿಟ್ಟು ಎರಡೂ ಕಾಲು ತೆಗೆದರೆ ಎಂಜಿನ್ನೇ ಹಿಡಿದುಕೊಂಡು ನಿಧಾನಕ್ಕೆ ಇಳಿಸುತ್ತೆ. ಜಾರುವ ಮಣ್ಣಲ್ಲಿ ಬ್ರೇಕ್ ತುಳಿಯೋ ಚಪಲ ಬಿಡಬೇಕಷ್ಟೆ.

ವಾಪಸ್ ಟಾರಿಗೆ ಬಂದು 2ಎಚ್ ಹಾಕಿದರೂ ಕೆಲವೊಮ್ಮೆ 4ಎಚ್ ದೀಪ ಮಿಣುಕುತ್ತಲೇ ಇರುತ್ತೆ. ಕೆಟ್ಟಿತು ಅಂತ ಗಾಬರಿಯಾಗಬೇಡ, ಒಳಗೆ ಬಿಗಿ ಉಳಿದಿರುತ್ತೆ. ನೇರ ಹಿಂದಕ್ಕೆ ಹತ್ತಡಿ ತಗೋ. ಸೀಟಿನಡಿ 'ಟಕ್' ಅಂತ ಬಿಡೋದು ನಿನಗೇ ಗೊತ್ತಾಗುತ್ತೆ.

ಫೋರ್ ವೀಲ್ ಇದ್ದರೂ ಗಾಡಿ ಹೂಳುತ್ತೆ ಅನ್ನೋದು ನೆನಪಿರಲಿ. ಒಂದು ಆಕ್ಸಲ್ಲಿನ ಎರಡೂ ಗಾಲಿಯನ್ನು ಒಟ್ಟಿಗೆ ತಿರುಗಿಸೋ ಡಿಫರೆನ್ಷಿಯಲ್ ಲಾಕ್ ಇಲ್ಲದಿದ್ದರೆ ಎದುರು ಮೂಲೆಯ ಎರಡು ಗಾಲಿ ಎತ್ತಿಕೊಂಡವೋ, ಅವೆರಡೇ ತಿರುಗುತ್ತಾ ಕೂರುತ್ತವೆ. ಆಗ ಆಕ್ಸಿಲರೇಟರ್ ತುಳಿದು ಗುಂಡಿ ತೋಡಬೇಡ; ಟೈರಿನ ಗಾಳಿ ಸ್ವಲ್ಪ ಇಳಿಸಿ, ಅಡಿಗೆ ಕಲ್ಲು ಕೊಟ್ಟು ನೋಡು. ಟಾರಿಗೆ ಬಂದ ಮೇಲೆ ಗಾಳಿ ತುಂಬಿಸೋದು ಮರೀಬೇಡ.

ಮತ್ತೆ, ನಾಲ್ಕೂ ಟೈರು ಒಂದೇ ಸೈಜಿನವು, ಹೆಚ್ಚುಕಮ್ಮಿ ಒಂದೇ ಸವಕಳಿಯವು ಇರಬೇಕು. ಫೋಟೋದಲ್ಲಿ ನಿನ್ನ ಸ್ಟೆಪ್ನಿ ಯಾಕೋ ಸಣ್ಣದು ಕಾಣ್ತು. ಅದರ ಮೇಲಿನ ನಂಬರ್ ಓದಿ ಕಳಿಸು.

ನಿನ್ನವ