ಫ್ರಾಯ್ಡ್ ಶಿಲ್ಪ ನೋಡಿದ ಬಗೆ

ಮಾನ್ಯ ಸಂಪಾದಕರೇ,

ಮನೋವಿಶ್ಲೇಷಣೆ (ಮನಸ್ಸಿನ ಅರಿವಿಗೆ ಬಾರದ ಪದರಗಳನ್ನು ಬಿಡಿಸಿ ನೋಡುವ ಪದ್ಧತಿ) ಮತ್ತು ಕಲೆಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಮನೋವಿಶ್ಲೇಷಕರ ಕೈಗೆ ಸಿಕ್ಕರೆ ಎಂಥ ಕಲಾಕೃತಿಯೂ ಬಾಲ್ಯದ ಗಾಯದ ಗುರುತಾಗಿಬಿಡುತ್ತದೆ ಎನ್ನುವುದು ಲೇಖಕರ ದೂರು. ಅದರಲ್ಲಿ ಹುರುಳಿಲ್ಲದೆ ಇಲ್ಲ. 1910ರಲ್ಲಿ ಲಿಯೊನಾರ್ಡೊ ಡ ವಿಂಚಿ ಬಗ್ಗೆ ಬರೆದಾಗ, ಈ ಪದ್ಧತಿಯನ್ನು ಹುಟ್ಟುಹಾಕಿದ ಫ್ರಾಯ್ಡ್ ಆ ಕಲಾವಿದನ ಬಾಲ್ಯದ ಒಂದೇ ಒಂದು ನೆನಪಿನ ಮೇಲೆ ಏನೇನೋ ಕಟ್ಟಿದರು. ಆದರೆ ಅದೊಂದನ್ನೇ ಹಿಡಿದು, ಮನೋವಿಶ್ಲೇಷಕರಿಗೆ ಸೌಂದರ್ಯದ ಗಂಧವೇ ಇಲ್ಲ ಎನ್ನುವುದು ಜಾಸ್ತಿಯಾಯಿತು.

ರೋಮ್‌ನ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿ ಮೈಕೆಲ್ಯಾಂಜೆಲೊ ಕೆತ್ತಿದ, ಬೈಬಲ್‌ನ ಪ್ರವಾದಿ ಮೋಸೆಸ್‌ನ ಶಿಲ್ಪವಿದೆ. 1913ರ ಸೆಪ್ಟೆಂಬರಿನಲ್ಲಿ ಮೂರು ವಾರ ಫ್ರಾಯ್ಡ್ ದಿನಾ ಹೋಗಿ ಅದರ ಮುಂದೆ ನಿಂತರು. ಅಳತೆ ತೆಗೆದರು, ಚಿತ್ರ ಬರೆದುಕೊಂಡರು. ಬಲಗೈಯ ತೋರುಬೆರಳು ಗಡ್ಡದ ಎಡಭಾಗವನ್ನು ಯಾಕೆ ಒತ್ತಿ ಹಿಡಿದಿದೆ? ದೇವರ ಆಜ್ಞೆಗಳಿರುವ ಕಲ್ಲಿನ ಹಲಗೆಗಳು ಯಾಕೆ ತಲೆಕೆಳಗಾಗಿ, ಒಂದು ಮೂಲೆಯ ಮೇಲೆ ನಿಂತಿವೆ? ಮೋಸೆಸ್ ಸಿಟ್ಟಿನಿಂದ ಇನ್ನೇನು ಎದ್ದೇಳುತ್ತಾನೆ ಎಂದು ಎಷ್ಟೋ ಜನ ಹೇಳಿದ್ದರು. ಫ್ರಾಯ್ಡ್‌ಗೆ ಕಂಡದ್ದು ಬೇರೆ. ಏಳಲು ಹೊರಟವನು, ಹಲಗೆಗಳು ಜಾರುವುದು ಗೊತ್ತಾಗಿ ಸಿಟ್ಟು ನುಂಗಿಕೊಂಡು ಕೂತಿದ್ದಾನೆ. ಈ ಓದು ಸರಿಯೋ ತಪ್ಪೋ, ವಾದ ಇದ್ದೇ ಇದೆ. ಆದರೆ ಇಲ್ಲಿ ಅವರು ಕೆತ್ತಿದವನ ಬಾಲ್ಯ ಕೆದಕಲಿಲ್ಲ, ಕಲ್ಲನ್ನೇ ನೋಡಿದರು. (1914ರಲ್ಲಿ ಆ ಬರಹವನ್ನು ಹೆಸರು ಹಾಕದೆ ಅಚ್ಚು ಮಾಡಿಸಿದರು. ಅಷ್ಟು ಸಂಕೋಚ!)

ಲೇಖಕರು ಬದಲಿಗೆ ಮುಂದಿಡುವ, ಲೋಕವನ್ನೆಲ್ಲ ಸೌಂದರ್ಯದ ಕಣ್ಣಿನಿಂದಲೇ ನೋಡುವ 'ಸೌಂದರ್ಯದ ಲೋಕದೃಷ್ಟಿ'ಯ ಬಗ್ಗೆಯೇ ನನ್ನ ತಕರಾರು. ಬದುಕಿಗೂ ಲೋಕಕ್ಕೂ ಸಮರ್ಥನೆ ಸಿಗುವುದು ಸೌಂದರ್ಯದ ನೆಲೆಯಲ್ಲಿ ಮಾತ್ರ ಎಂದು ಜರ್ಮನ್ ತತ್ವಜ್ಞಾನಿ ನೀಷೆ 1872ರಲ್ಲಿ ಬರೆದರು. ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಲೋಕವನ್ನು ಹಾಗೆ ನೋಡಲು ಪ್ರೇಕ್ಷಕರ ಕುರ್ಚಿ ಬೇಕು, ಅಲ್ವಾ? ನೋವಿನಲ್ಲಿ ಇರುವವರಿಗೆ ಅದು ಸಿಗುವುದಿಲ್ಲ. ಇನ್ನು ಕೆಲವರು ತಮ್ಮ ದುಃಖವನ್ನೇ ಚೆಂದದ ಕಥೆ ಮಾಡಿ ವಿಶ್ಲೇಷಕರಿಗೆ ಹೇಳುವುದುಂಟು. ಆಗ ತಲೆದೂಗಿ ಸುಮ್ನೆ ಕೂರುವಂತಿಲ್ಲ. ಈ ಚೆಂದ ಏನನ್ನು ಮುಚ್ಚುತ್ತಿದೆ ಎಂದು ಕೇಳಬೇಕಾಗುತ್ತದೆ. ತತ್ವಜ್ಞಾನಿಗೆ ಆ ಕಷ್ಟವಿಲ್ಲ.

ಸೌಂದರ್ಯದ ಬಗ್ಗೆ ಮನೋವಿಶ್ಲೇಷಣೆಗೆ ಹೇಳಲು ಇರುವುದು ಕಡಿಮೆ ಎಂದು ಫ್ರಾಯ್ಡ್ 1930ರಲ್ಲಿ ತಾವೇ ಒಪ್ಪಿಕೊಂಡರು. ತನ್ನದೇ ಒಂದು ಲೋಕದೃಷ್ಟಿ ಕಟ್ಟುವುದು ಇದರ ಕೆಲಸವಲ್ಲ ಎಂದು 1933ರಲ್ಲಿ ಹೇಳಿದರು. ಲೇಖನ ಅಲ್ಲಿಗೇ ನಿಂತುಬಿಟ್ಟಿದೆ. ಆಮೇಲೆ ಬಂದವರ ಸುದ್ದಿಯೇ ಇಲ್ಲ. 1988ರಲ್ಲಿ ಮನೋವಿಶ್ಲೇಷಕ ಡೊನಾಲ್ಡ್ ಮೆಲ್ಟ್ಸರ್ ಸೌಂದರ್ಯವನ್ನು ಮನಸ್ಸಿನ ಮೊದಲ ಅನುಭವಗಳ ಸಾಲಿಗೇ ತಂದರು. ತಾಯಿಯ ಮುಖ ಕಂಡು ಮಗು ಬೆರಗಾಗುತ್ತದೆ. ಆದರೆ ಆ ಮುಖದ ಒಳಗೆ ಏನಿದೆ ಎಂದು ಅದಕ್ಕೆ ತಿಳಿಯದು. ಸೆಳೆತವೂ ಭಯವೂ ಒಟ್ಟಿಗೇ ಬರುತ್ತವೆ. ಸೌಂದರ್ಯ ಎಂದರೆ ಬರೀ ಸಮಾಧಾನ ಎಂದುಕೊಂಡ ನಿಮ್ಮ ಲೇಖಕರು ಈ ಭಯವನ್ನು ಬಿಟ್ಟೇಬಿಟ್ಟಿದ್ದಾರೆ. ಮುಂದಿನ ಕಂತಿನಲ್ಲಾದರೂ ಅದರ ಬಗ್ಗೆ ಬರೆಯಲಿ.

— ಒಬ್ಬ ಓದುಗ